ಬಾಸಿಂಗದ ಮನೆಯಿಂದ ಬಲೆಗೆ ಬೆಂಡು

2004ರ ಭಾದ್ರಪದದಲ್ಲಿ ಕೊಲ್ಹಾರದ ನನ್ನ ಸೋದರತ್ತೆ ಬಾಸಿಂಗ ಮಾಡುವ ಬೆಂಡಿನಿಂದ ಒಂದು ಮೀನುಬಲೆಗೆ ಬೇಕಾದಷ್ಟು ತೇಲುಬೆಂಡುಗಳನ್ನು ಮಾಡಿಕೊಟ್ಟಳು. ಅದಕ್ಕೆ ಮೊದಲು ಅವಳು ಬಲೆಯನ್ನು ಕೈಯಿಂದ ಮುಟ್ಟಿದವಳಲ್ಲ. ಆ ಮನೆಯಲ್ಲಿ ಯಾರೂ ಮೀನು ತಿನ್ನುತ್ತಿರಲಿಲ್ಲ.

ಆಗ ನಾನು ಬಿಜಾಪುರದ ಒಂದು ಪತ್ರಿಕೆಯಲ್ಲಿದ್ದೆ. ಚೌತಿಗೆಂದು ಅತ್ತೆಯ ಮನೆಗೆ ಹೋದವನು ಜ್ವರ ಹಿಡಿದು ಅಲ್ಲೇ ಉಳಿದೆ. ಹೀಗಾಗಿ ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ಕಂಡದ್ದು.

ಅತ್ತೆ ಸುತ್ತಲಿನ ಊರುಗಳ ಮದುವೆಗಳಿಗೆ ಬಾಸಿಂಗ ಕಟ್ಟುತ್ತಿದ್ದಳು. ಬೆಂಡು ಕೆರೆಯಂಚಿನ ಜವುಗಿನಲ್ಲಿ ಬೆಳೆಯುವ ಒಂದು ಗಿಡದ ಕಾಂಡ. ಕಂದು ಸಿಪ್ಪೆ ಸುಲಿದರೆ ಒಳಗೆ ಹಾಲಿನಂಥ ಬಿಳುಪು. ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಮಾವ ಅದನ್ನು ಸಿಂದಗಿಯಿಂದ ಕಟ್ಟುಗಟ್ಟಲೆ ಬಸ್ಸಿನಲ್ಲಿ ತರುತ್ತಿದ್ದರು. ಒಮ್ಮೆ ಕಂಡಕ್ಟರ್ ಆಳೆತ್ತರದ ಕಟ್ಟು ನೋಡಿ, “ಇದಕ್ಕೂ ಒಂದು ಟಿಕೇಟ್ ತಗೋರಿ” ಅಂದನಂತೆ. “ಮೊದಲ ಎತ್ತಿ ನೋಡ್ರಿ” ಅಂದರು ಮಾವ. ಒಂದೇ ಕೈಯಲ್ಲಿ ಎತ್ತಿ ನೋಡಿದ ಕಂಡಕ್ಟರ್, “ಇದು ಕೈಗೂಸು ಐತಿ ಬಿಡ್ರಿ, ಅರ್ಧಾ ಟಿಕೇಟಿಗೂ ಬರೂದಿಲ್ಲ” ಎಂದು ಮುಂದೆ ಹೋದ.

ಚೌತಿಯ ಮರುದಿನ ಓಣಿಯ ಕೊನೆಯ ಮನೆಯ ಮೀನುಗಾರ ಬಂದ. ಅತ್ತೆಗಿಂತ ಚಿಕ್ಕವನು, ಅವಳನ್ನು ಅಕ್ಕಾರ ಎಂದು ಕರೆಯುತ್ತಿದ್ದ. ಅವನ ತೊಂದರೆ ಹೀಗಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಕೊಲ್ಹಾರ ಮುಳುಗಿದಾಗ ಮನೆಗಳ ಜತೆಗೆ ಹೊಲಗಳೂ ಬದುವಿನ ಜಾಲಿ ಮರಗಳೂ ನೀರಿನಡಿಗೆ ಹೋಗಿದ್ದವು. ಮರಗಳು ಅಲ್ಲೇ ನಿಂತಿವೆ. ಸಂಜೆ ಹರಡಿದ ಬಲೆ ಮೇಲೆ ತೇಲುತ್ತಿದ್ದರೆ ಸರಿ. ರಾತ್ರಿಯಲ್ಲಿ ಕೆಳಗಿಳಿದರೆ ಜಾಲಿಮುಳ್ಳಿಗೆ ಸಿಕ್ಕು ಚಿಂದಿಯಾಗುತ್ತದೆ. ಅವನ ಹಿಂದಿನ ಬಲೆ ಹೋದದ್ದು ಹಾಗೆಯೇ. ಅದಕ್ಕೆ ಹಳೇ ಚಪ್ಪಲಿಯ ತುಂಡು, ಥರ್ಮಾಕೋಲು, ಖಾಲಿ ಬಾಟಲಿ ಎಲ್ಲ ಕಟ್ಟಿ ನೋಡಿದ್ದ. ಚಪ್ಪಲಿ ಭಾರ ತಡೆಯಲಿಲ್ಲ, ಥರ್ಮಾಕೋಲು ಪುಡಿಯಾಯಿತು, ಬಾಟಲಿಗೆ ಗಾಳಿ ಬಡಿದು ಬಲೆಯೇ ಮರಗಳತ್ತ ಸರಿಯಿತು. ಈಗಿನದು ಹೊಸ ಬಲೆ. ಬೇಸಿಗೆಯುದ್ದಕ್ಕೂ ಅವನೂ ಅವನ ತಾಯಿಯೂ ಎದುರುಬದುರು ಕೂತು ಹೆಣೆದದ್ದು. ಬೇರೆ ಬಲೆ ಇರಲಿಲ್ಲ.

“ನಮ್ಮಪ್ಪ ಬೆಂಡ ಕಟ್ತಿದ್ದ್ರಿ. ಹೆಂಗ ಮಾಡ್ತಿದ್ದ ಅಂತ ನಾ ನೋಡಿಟ್ಕೊಳ್ಳಲಿಲ್ಲ. ಈ ಊರಾಗ ಬೆಂಡಿನ ಕೆಲಸ ಬಲ್ಲವರು ನೀವೊಬ್ಬರ ಅಕ್ಕಾರ” ಎಂದ.

“ಲಗ್ನ ಇಲ್ಲದ ತಿಂಗಳು, ಕೈ ಖಾಲಿನ ಅದಾವು. ಮಾಡಿಕೊಡ್ತೇನಿ” ಅಂದಳು ಅತ್ತೆ.

ಎರಡು ದಿನದಲ್ಲಿ ಮೊದಲ ಮಾದರಿ ಸಿದ್ಧವಾಯಿತು. ಅವಳು ಬಲ್ಲ ರೀತಿಯಲ್ಲೇ ಮಾಡಿದ್ದಳು: ಬೆಂಡನ್ನು ತೆಳ್ಳಗಿನ ಹಾಳೆಗಳಾಗಿ ಹೆರೆದು, ಪದರಿನ ಮೇಲೆ ಪದರು ಇಟ್ಟು, ಹುಣಸೆಬೀಜದ ಅಂಟು ಹಚ್ಚಿ, ಮಲ್ಲಿಗೆ ಮೊಗ್ಗಿನ ಆಕಾರಕ್ಕೆ ಸುತ್ತಿ, ಗುಲಾಬಿ ಬಣ್ಣ ಬಳಿದು, ನಡುವಿಗೊಂದು ಹೊಳೆಯುವ ಬೇಗಡೆಯ ಪಟ್ಟಿ ಕಟ್ಟಿದ್ದಳು. ಮೀನುಗಾರ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದ. ಅಂಗಳದ ಬಕೆಟ್ಟಿನ ನೀರಿಗೆ ಬಿಟ್ಟ.

ಸ್ವಲ್ಪ ಹೊತ್ತು ತೇಲಿತು. ಆಮೇಲೆ ನೀರು ಗುಲಾಬಿಯಾಯಿತು. ಬೇಗಡೆ ಕಳಚಿಕೊಂಡು ತಳ ಸೇರಿತು. ಅಂಟು ಬಿಟ್ಟು, ಪದರುಗಳು ಒಂದೊಂದಾಗಿ ಸೇವಂತಿಗೆಯ ಹಾಗೆ ಅರಳಿ ಬಿಚ್ಚಿಕೊಂಡವು. ಎಂದೂ ನೀರು ಕಾಣದ ವಸ್ತುವನ್ನೇ ಮಾಡಿಕೊಂಡು ಬಂದ ಕೈಗೆ ನೀರಿನ ನೆನಪೇ ಆಗಿರಲಿಲ್ಲ.

“ತಮ್ಮಾ, ನಿಮ್ಮಕ್ಕ ಮೀನಿಗೆ ಮದಿವಿ ಇಟ್ಟಾಳ” ಅಂದರು ಮಾವ.

ಅತ್ತೆ ನಕ್ಕಳು. “ಹಂದರಾ ನೀವ ಹಾಕ್ರಿ ಹಂಗಾರ” ಎಂದು ಬಕೆಟ್ಟು ಬರಿದು ಮಾಡಿ ಮತ್ತೆ ಕತ್ತಿ ಹಿಡಿದಳು.

ಎರಡನೆಯ ಸಲ ಹೆರೆಯಲಿಲ್ಲ, ಅಂಟು ಹಚ್ಚಲಿಲ್ಲ. ದಪ್ಪ ಕಾಂಡಗಳನ್ನು ಗೇಣುದ್ದ ಕತ್ತರಿಸಿ, ಮೂರು ಮೂರು ಜೋಡಿಸಿ, ದಾರದಿಂದ ಬಿಗಿದಳು. ತುದಿಗಳನ್ನು ಮಾತ್ರ ಕೆತ್ತಿ ಗುಂಡಗೆ ಮಾಡಿದಳು. ಮೀನುಗಾರನಿಗೆ ಒಪ್ಪಿಗೆಯಾಯಿತು. “ಇನ್ನ ಡಾಂಬರದಾಗ ಅದ್ದಿಬಿಟ್ರ ಮುಗೀತ್ರಿ” ಅಂದ.

ತೊಡಕು ಬಂದದ್ದು ಅಲ್ಲೇ. ಬಾಸಿಂಗ ಕಟ್ಟುವ ಜಗಲಿಗೆ ಕಪ್ಪು ಬರಬಾರದೆಂಬುದು ಆ ಮನೆಯ ಕಟ್ಟು. ಅತ್ತೆಯ ಅತ್ತೆಯ ಕಾಲದಿಂದಲೂ ಅಲ್ಲಿ ಕರಿ ದಾರ ಇಲ್ಲ, ಕಾಡಿಗೆ ಇಲ್ಲ. ಕರಿ ಕೊಡೆಯನ್ನು ಬಂದವರು ಬಾಗಿಲಾಚೆ ಇಟ್ಟೇ ಒಳಗೆ ಬರಬೇಕು.

“ಡಾಂಬರ ಬ್ಯಾಡ. ಇದ ಕಟ್ಟಿ ಮ್ಯಾಲ ನಾಳೆ ಯಾರದರ ಬಾಸಿಂಗ ಆಗಬೇಕು” ಅಂದಳು.

“ಇಲ್ಲಿ ಹಚ್ಚೂದಿಲ್ರಿ, ದಂಡಿ ಮ್ಯಾಗ ಹಚ್ಕೊಂತೇನಿ.”

“ಎಲ್ಲಿ ಹಚ್ಚಿದರೂ ಅದು ನನ್ನ ಕೈಯಿಂದ ಹೋದದ್ದ. ಬಾಸಿಂಗದಾಕಿ ಕರೀದ ಮಾಡ್ಯಾಳಂತ ಅಂದ್ರ ಮಂದಿ ನನ್ನ ಕಡೆ ಬರ್ತಾರೇನು? ಬ್ಯಾರೆ ಏನರ ಹಚ್ಚಿ ಕೊಡ್ತೇನಿ.”

“ನೀರ ಹೊಕ್ಕರ?”

“ನೀರ ಹೊಕ್ಕರ ನನ್ನ ಬೈ.”

“ಬೈದ್ರ ಬಲಿ ತಿರುಗಿ ಬರತೈತೇನ್ರಿ ಅಕ್ಕಾರ?”

ಅತ್ತೆ ಕತ್ತಿ ಕೆಳಗಿಟ್ಟು ಎದ್ದಳು. ಮಾವನನ್ನು ಪೇಟೆಗೆ ಕಳಿಸಿ ಮೇಣದಬತ್ತಿ ತರಿಸಿದಳು. ಕರಗಿದ ಮೇಣಕ್ಕೆ ತುಸು ಕುಸುಬೆ ಎಣ್ಣೆ ಸೇರಿಸಿ ಒಂದು ಬೆಂಡನ್ನು ಅದ್ದಿ ಒಣಗಿಸಿದಳು. ಒಣಗಿದ ಮೇಲೆ ಹಗ್ಗ ಹಾಯಲು ತೂತು ಕೊರೆದಳು. ಬಾನಿಯ ನೀರಿನಲ್ಲಿ ಬೆಂಡನ್ನಿಟ್ಟು, ಏಳದಂತೆ ಮೇಲೆ ಕುಟ್ಟುವ ಕಲ್ಲಿನ ಒಳ್ಳು ಹೇರಿದಳು. ಮರುದಿನ ಮೀನುಗಾರ ಬಂದು ತನ್ನ ಚೂರಿಯಿಂದಲೇ ಬೆಂಡನ್ನು ಸೀಳಿದ. ಸುತ್ತೆಲ್ಲ ಒಣಗಿತ್ತು, ತೂತಿನ ಪಕ್ಕ ಮಾತ್ರ ಒದ್ದೆ.

“ಇಲ್ಲಿಂದ ಕುಡದೈತ್ರಿ” ಎಂದ. ದನಿಯಲ್ಲಿ ಡಾಂಬರಿನ ಆಸೆ ಮತ್ತೆ ಇಣುಕುತ್ತಿತ್ತು.

“ಬಾಯಿ ಇಟ್ಟ ಮ್ಯಾಲ ಕುಡೀಲಾರದ ಇರತೈತೇನ? ಮೊದಲ ತೂತ, ಆಮ್ಯಾಲ ಮೇಣ. ನಾಳೆ ಬಾ.”

ಮರುದಿನ ಸೀಳಿದ ಬೆಂಡು ಒಳಗೆಲ್ಲ ಬಿಳಿ. ಅವನು ಬೆರಳಿಂದ ಒತ್ತಿ ನೋಡಿದ, ಆಮೇಲೆ ಕೆನ್ನೆಗೆ ಹಚ್ಚಿ ನೋಡಿದ. “ಒಣಗೈತಿ” ಎಂದ. ಒಂದು ರಾತ್ರಿಗೆ ಒಣಗಿ ಉಳಿದದ್ದು ಮಳೆಗಾಲವೆಲ್ಲ ಉಳಿದೀತೇ ಎಂಬ ಪ್ರಶ್ನೆ ಅವನ ಮುಖದಲ್ಲಿತ್ತು. ಆದರೂ ಉಳಿದವನ್ನು ಮಾಡಲು ಹೇಳಿದ.

ಆ ವಾರ ಮನೆಯೆಲ್ಲ ಮೇಣದ ವಾಸನೆ. ಮಾವ ದಾರ ಬಿಗಿದರು, ನಾನು ತೂತು ಕೊರೆದೆ, ಅತ್ತೆ ಅದ್ದಿ ತೆಗೆದಳು. ಬರಿ ಬಿಳಿಯಾಗಿ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಒಂದಿಷ್ಟು ಮೇಣಕ್ಕೆ ಕೆಂಪು ಬೆರೆಸಿ ಪ್ರತಿ ಬೆಂಡಿನ ನಡುವೆ ಒಂದು ಸುತ್ತು ಎಳೆದಳು. ಮೀನುಗಾರನ ತಾಯಿ ಬುಟ್ಟಿ ಹಿಡಿದು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

“ಇದೇನ ತಂಗಿ, ನನ್ನ ಮಗಗ ಎರಡನೇ ಲಗ್ನಾ ಮಾಡಾಕತ್ತೀಯೇನ?”

“ಒಂದ ನಿಭಾಯಿಸಾಕ ಹೇಳವ್ವಾ ಮೊದಲ. ಇದು ದೂರಿಂದ ಕಾಣ್ಲಿ ಅಂತ ಹಾಕಿದ್ದು.”

ಬಲೆಯ ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಸುಟ್ಟ ಮಣ್ಣಿನ ಗುಂಡು ಕಟ್ಟಿ, ಒಂದು ಸಂಜೆ ಅವನು ಹರಗೋಲಿನಲ್ಲಿ ಹೋಗಿ ಬಲೆ ಹರಡಿ ಬಂದ. ಬೆಳಿಗ್ಗೆ ಅತ್ತೆ ಬೇಗ ಎದ್ದು ಸೆರಗು ಬಿಗಿದುಕೊಂಡಳು.

“ಬಲಿ ಮುಳುಗಿದ್ರ ನೀರಿಗೆ ಜಿಗಿಯಾಕ ಹೊಂಟೀಯೇನ?” ಎಂದರು ಮಾವ.

“ನೀವು ಚಾ ಕುಡಕೊಂತ ಕುಂಡ್ರಿ” ಎಂದವಳು ನನ್ನನ್ನು ಕರೆದುಕೊಂಡು ದಂಡೆಗೆ ಬಂದಳು. ಮೀನುಗಾರನ ತಾಯಿ ಆಗಲೇ ಅಲ್ಲಿದ್ದಳು. ಹರಗೋಲು ಹೊರಟಿತ್ತು.

ದಂಡೆಯಿಂದ ಬೆಂಡುಗಳ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಈ ತುದಿಯಲ್ಲಿ ಬಿಳಿ, ಆ ತುದಿಯಲ್ಲಿ ಬಿಳಿ. ನಡುವೆ ಏನೂ ಇರಲಿಲ್ಲ. ಬರಿ ನೀರು.

“ಮುಳುಗ್ಯಾವು” ಅಂದಳು ಅತ್ತೆ. ಮುದುಕಿಯ ಕೈ ಹಿಡಿದುಕೊಂಡಳು. ಅಲ್ಲಿಯೇ ಕೆಳಗೆ ಜಾಲಿ ಮರಗಳಿದ್ದವೆಂದು ಇಬ್ಬರಿಗೂ ಗೊತ್ತಿತ್ತು.

ಮೀನುಗಾರ ಆ ಜಾಗಕ್ಕೆ ಹೋಗಿ ಹಗ್ಗ ಹಿಡಿದು ಎಳೆದ. ಹರಗೋಲು ಒಂದು ಸುತ್ತು ತಿರುಗಿತು. ಮತ್ತೆ ಎಳೆದ. ಒಂದು ಬೆಂಡು ಟಪ್ಪೆಂದು ಮೇಲೆ ನೆಗೆಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಬಲೆಯ ಜತೆ ತೋಳುದ್ದದ ಕಟ್ಲಾ ಮೀನು ಮೇಲೆ ಬಂದು ಬಾಲ ಬಡಿಯಿತು. ಅದರ ಕೆಳಗೆ ಇನ್ನೂ ಎರಡು.

“ಅಕ್ಕಾರ, ನಿಮ್ಮ ಬೆಂಡ ಮುಳುಗಿಲ್ರಿ! ಮೀನ ಎಳದಾವು!” ಎಂದು ಅಲ್ಲಿಂದಲೇ ಕೂಗಿದ.

“ಸುಮ್ನ ಎತ್ತೋ, ಒದರಿ ಓಡಿಸ್ತೀಯೇನ!” ಎಂದು ತಾಯಿ ಇನ್ನೂ ಜೋರಾಗಿ ಕೂಗಿದಳು.

ಬಲೆ ಇಡಿಯಾಗಿ ಬಂತು. ಮುದುಕಿ ದೊಡ್ಡ ಮೀನನ್ನೇ ಅತ್ತೆಗೆ ಕೊಡಲು ಹೋದಳು. “ನಾವು ತಿನ್ನೂದಿಲ್ಲವ್ವಾ” ಅಂದಳು ಅತ್ತೆ. “ತಿನ್ನಾಕಲ್ಲ, ಹಿಡದರ ನೋಡು” ಅಂದಳು ಮುದುಕಿ. ಅತ್ತೆ ಎರಡೂ ಕೈಯಲ್ಲಿ ಮೀನು ಹಿಡಿದು, ಅದು ಕೊಸರಿದ ಕೂಡಲೇ ಚೀರಿ ಬುಟ್ಟಿಗೆ ಬಿಟ್ಟಳು.

ಆ ಬಲೆ ನಾಲ್ಕು ಮಳೆಗಾಲ ನಡೆಯಿತು. ವರ್ಷಕ್ಕೊಮ್ಮೆ ಭಾದ್ರಪದದಲ್ಲಿ ಬೆಂಡುಗಳು ಅತ್ತೆಯ ಮನೆಗೆ ಬಂದು ಹೊಸ ಮೇಣ ಹಚ್ಚಿಸಿಕೊಂಡು ಹೋಗುತ್ತಿದ್ದವು. ಬಲೆ ಹಳತಾಗಿ ಎಳೆ ಬಿಟ್ಟಾಗ ಅವನು ಬೆಂಡುಗಳನ್ನು ಬಿಚ್ಚಿ ಇನ್ನೊಂದಕ್ಕೆ ಕಟ್ಟಿಕೊಂಡ. 2009ರ ಮಳೆಗಾಲದಲ್ಲಿ ನಾನು ನೋಡಿದಾಗ ಆ ಬಲೆಯ ಅರ್ಧ ಸಾಲಿನಲ್ಲಿ ಅತ್ತೆಯ ಬೆಂಡುಗಳಿದ್ದವು. ಉಳಿದರ್ಧಕ್ಕೆ ಪೇಟೆಯ ಪ್ಲಾಸ್ಟಿಕ್ ಬೆಂಡು ಕಟ್ಟಿದ್ದ.