ನೀರು ಹತ್ತಕ್ಕೆ ಬರುತ್ತದೆ

ನನಗೆ ಗಡಿಯಾರ ನೋಡಲು ಬರುತ್ತದೆ, ನಂಬಲು ಬರುವುದಿಲ್ಲ. ಇದು ಹುಟ್ಟುಗುಣವಲ್ಲ, ಹುಬ್ಬಳ್ಳಿಯ ನವನಗರದ ನಲ್ಲಿ ಕಲಿಸಿದ ಗುಣ. ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. "ಮುಂಜಾನೆ ಆರಕ್ಕ ಬರತೈತ್ರಿ" ಎಂದು ಸುದ್ದಿ ಬಂದರೆ ಅದನ್ನು ಏಳೂವರೆ ಎಂದು ತಿದ್ದಿಕೊಳ್ಳಬೇಕು. ಆರಕ್ಕೇ ಎದ್ದು ಕೊಡ ಹಿಡಿದು ಕೂತವನು ಊರಿಗೆ ಹೊಸಬ. ಒಂಬತ್ತರ ಲಗ್ನಕ್ಕೆ ಹತ್ತೂವರೆಗೆ ಹೋದರೆ ನಮ್ಮಲ್ಲಿ ಇನ್ನೂ ಕುರ್ಚಿ ಒರೆಸುತ್ತಿರುತ್ತಾರೆ. ಹೀಗಾಗಿ ಯಾರು ಯಾವ ಹೊತ್ತು ಹೇಳಿದರೂ ಅದಕ್ಕೆ ಒಂದೂವರೆ ತಾಸು ಕೂಡಿಸುವುದು ನನ್ನ ಖಾಸಗಿ ಗಣಿತ. ಅರವತ್ತೆರಡನೆಯ ವಯಸ್ಸಿನವರೆಗೂ ಈ ಗಣಿತ ನನಗೆ ಮೋಸ ಮಾಡಿರಲಿಲ್ಲ. ಆದರೆ ಸಮುದ್ರಕ್ಕೆ ಇದನ್ನು ಯಾರೂ ತಿಳಿಸಿರಲಿಲ್ಲ.

ನಾಚಿಕೆಯ ಸಂಗತಿಯೆಂದರೆ ನಾನು ಭೂಗೋಳದ ಮಾಸ್ತರ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಚಂದ್ರನನ್ನು ಒಂದು ಕಡೆ, ಭೂಮಿಯನ್ನು ಇನ್ನೊಂದು ಕಡೆ ಬರೆದು, ನಡುವೆ ಬಾಣದ ಗುರುತು ಹಾಕಿ, ಸಮುದ್ರ ದಿನಕ್ಕೆರಡು ಸಲ ಉಬ್ಬುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಹೆಚ್ಚು ಉಬ್ಬುತ್ತದೆ ಎಂದು ಹೇಳಿದವನು. ಆ ಪ್ರಶ್ನೆಗೆ ಉತ್ತರ ತಪ್ಪಿದ ಹುಡುಗರ ಕಿವಿ ಹಿಂಡಿದವನೂ ನಾನೇ. ಉಬ್ಬುವ ಸಮುದ್ರವನ್ನು ಮಾತ್ರ ದಂಡೆಯಲ್ಲಿ ನಿಂತು ನೋಡಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನ ಹತ್ತಿರ ಇದ್ದದ್ದು ಆ ಒಕ್ಕಾಲು ಒಂದೇ.

ನೋಡುವ ಪ್ರಸಂಗ ಬಂದದ್ದು ಮಗಳು ಅಕ್ಷತಾಳಿಂದ. ಬ್ಯಾಂಕಿನವರು ಅವಳನ್ನು ಕುಮಟಾಕ್ಕೆ ವರ್ಗ ಮಾಡಿದರು. ಅವಳು ಅಲ್ಲಿ ಸುಧೀರ ಎಂಬ ಸಾಲಿ ಮಾಸ್ತರನನ್ನು ಮೆಚ್ಚಿದಳು. ಅವರು ಮೀನು ತಿನ್ನುವ ಮನೆಯವರು, ನಾವು ಬೆಳ್ಳುಳ್ಳಿಯಿಂದಾಚೆ ಕಾಲಿಡದವರು. ಮೂರು ತಿಂಗಳು ನಾನು "ನೋಡೋಣು, ನೋಡೋಣು" ಎಂದು ತಳ್ಳಿದೆ. ಕೊನೆಗೆ ಹೆಂಡತಿ ಶಕುಂತಲಾ ರಜೆಗೆ ಬಂದ ಮಗಳನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಆ ರಾತ್ರಿ ಹುಡುಗನ ಮನೆಯಲ್ಲೇ ಉಳಿಯುವುದು, ಮಾರನೆಯ ಮಧ್ಯಾಹ್ನ ಅಲ್ಲೇ ಊಟ, ಊಟಕ್ಕೆ ಕೂಡುವ ಮೊದಲು ನಾನು ಹೌದು ಅಥವಾ ಇಲ್ಲ ಅನ್ನಬೇಕು ಎಂದು ತೀರ್ಮಾನವಾಯಿತು. ಇನ್ನೂ ಸ್ವಲ್ಪ ಸಮಯ ಕೇಳಬೇಕೆಂದು ನಾನು ಒಳಗೊಳಗೇ ನಿಶ್ಚಯ ಮಾಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ನಾಷ್ಟಾ ಆದ ಮೇಲೆ ನಾನು ಎಲ್ಲರೆದುರು ವಾಕಿಂಗ್ ಬೂಟು ಹಾಕಿಕೊಂಡೆ. ಉಣಕಲ್ ಕೆರೆಯ ಏರಿಯ ಮೇಲೆ ನಾನು ದಿನಾ ನಡೆಯುತ್ತೇನೆಂದು ಹಿಂದಿನ ಸಂಜೆಯೇ ಎರಡು ಸಲ ಹೇಳಿದ್ದೆ. ನಡುವೆ ಬೆಂಚು ಸಿಕ್ಕಲ್ಲೆಲ್ಲ ಕೂಡುತ್ತೇನೆಂಬುದನ್ನು ಹೇಳಿರಲಿಲ್ಲ. ಹುಡುಗನ ತಂದೆ ಗಣಪತಿ ನಾಯ್ಕರದು ಗಜನಿ ಬೇಸಾಯ. ಹೊಳೆ ಸಮುದ್ರಕ್ಕೆ ಸೇರುವಲ್ಲಿಯ ಚಪ್ಪಟೆ ಜೌಗು ಭೂಮಿಗೆ ಅಲ್ಲಿ ಗಜನಿ ಎನ್ನುತ್ತಾರೆ. ಸುತ್ತಲೂ ಮಣ್ಣಿನ ಏರಿ ಹಾಕಿ ಉಪ್ಪುನೀರನ್ನು ತಡೆದು ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ನೀರನ್ನು ಒಳಗೆ ಬಿಟ್ಟು ಸಿಗಡಿ ಹಿಡಿಯುತ್ತಾರೆ.

"ಏರಿ ಮೇಲೆ ಆ ತುದಿ ಗುಡಿಸಲ ತನಕ ಹೋಗ್ಬಹುದು" ಎಂದರು ನಾಯ್ಕರು. "ನಡುವೆ ಒಂದು ತಗ್ಗು ಉಂಟು. ಇವತ್ತು ಹುಣ್ಣಿಮೆ, ನೀರು ಹತ್ತಕ್ಕೆ ಬರ್ತದೆ. ಅದರೊಳಗೆ ತಗ್ಗು ದಾಟಿ ಈಚೆ ಬಂದ್ಬಿಡಿ."

ಹನ್ನೊಂದೂವರೆ, ಎಂದಿತು ನನ್ನ ಮನಸ್ಸು.

"ನೀವು ವ್ಯಾಳೇಕ್ಕ ಬರ್ರಿ ಮತ್ತ" ಎಂದಳು ಶಕುಂತಲಾ. ಅಕ್ಷತಾ ನನ್ನ ಮುಖ ಒಮ್ಮೆ ನೋಡಿ ಒಳಗೆ ಹೋದಳು.

ಎಂಟಕ್ಕೆ ಕೋಲು ಹಿಡಿದು ಹೊರಟೆ. ಒಂದು ಗುಡ್ಡವಿಲ್ಲ, ಒಂದು ದಿಬ್ಬವಿಲ್ಲ, ಇಳಿಜಾರಿಲ್ಲ. ನೆಲ ರೊಟ್ಟಿಯ ಹಂಚಿನ ಹಾಗೆ ಚಪ್ಪಟೆ. ಇಂಥ ದಾರಿಯಲ್ಲಿ ಗುರಿ ಮೊದಲಿನಿಂದಲೂ ಕಾಣುತ್ತದೆ, ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ. ನಮ್ಮ ಎರೆಮಣ್ಣಿನಲ್ಲಿ ನಡೆದವನಿಗೆ ಕೆಸರೇನು ಮಹಾ ಎಂದು ಒಂದು ಕಡೆ ಏರಿಯಿಂದ ಕೆಳಗೆ ಕಾಲಿಟ್ಟೆ. ಎರೆಮಣ್ಣು ಬೂಟಿಗೆ ಅಂಟಿಕೊಂಡು ಕಾಲಿನ ಜೊತೆ ಮೇಲೆ ಬರುತ್ತದೆ. ಇಲ್ಲಿಯ ಕೆಸರು ಬೂಟನ್ನು ತಾನೇ ಇಟ್ಟುಕೊಂಡು ಕಾಲನ್ನಷ್ಟೇ ವಾಪಸು ಕೊಟ್ಟಿತು. ಬೂಟನ್ನು ಕೋಲಿನಿಂದ ಎತ್ತಿ ತೆಗೆಯುವುದರಲ್ಲಿ ಕಾಲು ತಾಸು ಹೋಯಿತು. ಪುಣ್ಯಕ್ಕೆ ನೋಡಲು ಏಡಿಗಳ ಹೊರತು ಯಾರೂ ಇರಲಿಲ್ಲ.

ನಾನು ನಡೆಯಲು ಬಂದವನೇ ಅಲ್ಲ, ಸಂಬಂಧಕ್ಕೊಂದು ಕೊಂಕು ಹುಡುಕಲು ಬಂದವನು. ಮೊದಲು ಮೀನಿನ ವಿಷಯ ತೆಗೆದುಕೊಂಡೆ. ಅಷ್ಟರಲ್ಲಿ ಎದುರಿಗೆ ಒಂದು ಬೆಳ್ಳಕ್ಕಿ, ಮಡಿ ಉಟ್ಟ ಅಯ್ಯನವರ ಹಾಗೆ ಅಪ್ಪಟ ಬಿಳಿ, ಗಬಕ್ಕನೆ ಒಂದು ಮೀನು ನುಂಗಿ ಮತ್ತೆ ಧ್ಯಾನಕ್ಕೆ ನಿಂತಿತು. ಆ ಕೊಂಕು ಅಲ್ಲೇ ಬಿದ್ದುಹೋಯಿತು. ಆಮೇಲೆ ದೂರದ ವಿಷಯ. ಹಿಂದಿನ ದಿನ ಬಸ್ಸು ನಾಲ್ಕು ತಾಸಿನಲ್ಲಿ ತಲುಪಿಸಿತ್ತು. ಅದರಲ್ಲಿ ಮೂರು ತಾಸು ನಾನು ಗೊರಕೆ ಹೊಡೆದಿದ್ದೆ. ಹುಡುಗನ ಕೆಲಸ? ಮಾಸ್ತರಿಕೆಯಲ್ಲಿ ಹುಳುಕು ತೆಗೆಯಲು ನನಗೆ ಬಾಯಿಲ್ಲ. ಗುಡಿಸಲು ಮುಟ್ಟುವ ಹೊತ್ತಿಗೆ ಉಳಿದದ್ದು ಒಂದೇ: ಮಗಳು ನನ್ನನ್ನು ಕೇಳಲಿಲ್ಲ, ಹೇಳಿದಳು. ಅಲ್ಲಿ ನನಗೆ ನೋವಾಗಿತ್ತು. ಮೀನು ಪಾಪ, ಸುಮ್ಮನೆ ನಡುವೆ ಸಿಕ್ಕಿತ್ತು.

ಈ ಸತ್ಯವನ್ನು ಅರಗಿಸಿಕೊಳ್ಳಲು ಗುಡಿಸಲ ನೆರಳಿನಲ್ಲಿ ಕೂತು ಹುಬ್ಬಳ್ಳಿಯಿಂದ ತಂದ ಚುರುಮುರಿ ತಿಂದೆ. ಒಂಬತ್ತೂ ಮುಕ್ಕಾಲಾಗಿತ್ತು. ನನ್ನ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ಹೊತ್ತಿತ್ತು. ಎದ್ದು ನಿಧಾನಕ್ಕೆ ತಗ್ಗಿನ ಹತ್ತಿರ ಬಂದೆ. ತಗ್ಗು ಇರಲಿಲ್ಲ. ಏರಿ ಅಲ್ಲಿಗೆ ನಿಂತು, ಹತ್ತು ಮಾರು ಆಚೆ ಮತ್ತೆ ಶುರುವಾಗಿತ್ತು. ನಡುವೆ ನೀರು, ಸದ್ದಿಲ್ಲದೆ, ಗಡಿಬಿಡಿಯಿಲ್ಲದೆ, ಒಳಗೆ ನುಗ್ಗುತ್ತಿತ್ತು. ಕೋಲು ಊರಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮುಳುಗಿತು. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಜೀವನದಲ್ಲಿ ಮೊದಲ ಸಲ ನೀರು ಹೇಳಿದ ಹೊತ್ತಿಗೆ ಬಂದಿತ್ತು, ಮತ್ತು ನನಗೆ ಈಜು ಬರುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕೋಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ಫೋನು ರಿಂಗಾಯಿತು. ಅಕ್ಷತಾ.

"ಅಪ್ಪಾ, ತಗ್ಗಿನ ಆಚಿಕಡೆ ಇದ್ದಿ ಹೌದಿಲ್ಲೋ?"

"ಹೌದವ್ವಾ. ಅವರು ಹತ್ತಕ್ಕ ಅಂದಿದ್ರು, ಆದ್ರ ನಾ…"

"ಒಂದೂವರಿ ತಾಸು ಕೂಡಿಸಿದಿ. ಗೊತ್ತೈತಿ ನನಗ. ಅಲ್ಲೇ ನಿಂದರು, ನೀರಾಗ ಇಳೀಬ್ಯಾಡ. ಮಾವಾರು ದೋಣಿ ತಗೊಂಡು ಬರಾಕತ್ತಾರ."

ಮಾವಾರು! ನಾನಿನ್ನೂ ಹೌದು ಅಂದೇ ಇರಲಿಲ್ಲ.

ನಾಯ್ಕರು ಸಣ್ಣ ದೋಣಿಯಲ್ಲಿ ನಿಂತು ಗಳ ಹಾಕುತ್ತ ಬಂದರು. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಕೈ ಹಿಡಿದು ಕೂಡಿಸಿಕೊಂಡರು. "ಇಷ್ಟು ಲಗೂ ಹೆಂಗ ಬಂದ್ರಿ?" ಎಂದೆ.

"ನಾನು ಒಂಬತ್ತೂವರೆಯಿಂದ ಮನೆ ಬದಿ ದಂಡೆ ಮೇಲೇ ಇದ್ದೆ. ನಿಮ್ಮ ಮಗಳು ಹೇಳಿದ್ಲು, ಅಪ್ಪ ಹತ್ತಕ್ಕೆ ಬರೂದಿಲ್ಲ, ಅವರಿಗೆ ಈಜೂ ಬರೂದಿಲ್ಲ, ದೋಣಿ ಇಳಿಸಿ ಇಟ್ಕೊಳ್ಳಿ ಅಂತ."

ಮೂರು ತಿಂಗಳು ನಾನು ತಡ ಮಾಡುತ್ತಿದ್ದಾಗಲೂ ಈ ಹುಡುಗಿ ಒಂದು ಮಾತು ಆಡಿರಲಿಲ್ಲ. ಇವತ್ತು ನನ್ನ ತಪ್ಪಿಗೂ ಮೊದಲೇ ದೋಣಿ ಇಳಿಸಿಟ್ಟಿದ್ದಳು. "ನಾಯ್ಕರ, ನಮ್ಮ ಒಪ್ಪಿಗಿ ಐತ್ರಿ" ಎಂದುಬಿಟ್ಟೆ.

ಅವರು ಗಳ ಎತ್ತುವುದನ್ನು ನಿಲ್ಲಿಸಲಿಲ್ಲ. "ಈಗ ಬೇಡ. ನೀರಿನ ಮೇಲೆ ಹೆದರಿದವ್ರು ಕೊಟ್ಟ ಮಾತು ನಾನು ಹಿಡಿಯೂದಿಲ್ಲ. ದಂಡೆಗೆ ಇಳಿದು, ಕಾಲು ತೊಳೆದು, ಆಮೇಲೂ ಹೇಳ್ಬೇಕು ಅನ್ಸಿದ್ರೆ ಹೇಳಿ."

ಸಮಯ ಕೇಳಬೇಕೆಂದು ಬಂದವನು ನಾನು. ಅವರು ತಾವಾಗಿಯೇ ಕೊಟ್ಟರು! ದಂಡೆಗೆ ಇಳಿದೆ. ಬಾವಿಕಟ್ಟೆಯಲ್ಲಿ ಕಾಲು ತೊಳೆದೆ. ನಾಯ್ಕರ ಲುಂಗಿ ಉಟ್ಟು, ಒಂದೇ ಬೂಟು ಕೈಯಲ್ಲಿ ಹಿಡಿದು (ಇನ್ನೊಂದು ದೋಣಿ ಹತ್ತುವಾಗ ಕೆಸರಿನ ಪಾಲಾಗಿತ್ತು) ಪಡಸಾಲೆಗೆ ಬಂದು, ಅಕ್ಷತಾಳನ್ನು ನೋಡುತ್ತ ಹೇಳಿದೆ: "ಒಪ್ಪಿಗಿ ಐತಿ. ಈಗ ನೆಲದ ಮ್ಯಾಲೆ ನಿಂತು ಹೇಳಾಕತ್ತೇನಿ." ಶಕುಂತಲಾ ಗಡಿಯಾರ ನೋಡಿದಳು. "ಹನ್ನೊಂದೂವರಿ. ನಿಮ್ಮ ವ್ಯಾಳೇಕ್ಕ ಬರೋಬ್ಬರಿ ಬಂದೀರಿ" ಎಂದಳು.

ಲಗ್ನವಾಗಿ ಎಂಟು ತಿಂಗಳಾಯಿತು. ಅಲ್ಲಿಯ ಭರತ, ಅಂದರೆ ಸಮುದ್ರದ ಏರುನೀರು, ದಿನಾ ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಆ ಲೆಕ್ಕವನ್ನು ಈಗ ನಾನು ಇಲ್ಲಿ ಕೂತು ಇಡುತ್ತೇನೆ. ರಜೆಯ ದಿನ ಮಗಳು ಆ ಏರಿಯ ಮೇಲೆ ನಡೆಯಲು ಹೋಗುತ್ತಾಳೆ ನೋಡಿ, ಅದಕ್ಕೆ. ಮೊನ್ನೆ ಪಕ್ಕದ ಮನೆಯ ಮೋಟರ್ ರಿಪೇರಿಯ ಇಮಾಮಸಾಬರು ಕಂಪೌಂಡಿನ ಆಚೆಯಿಂದ ಕೇಳಿದರು, "ಸರ್, ಇವತ್ತ ನೀರು ಎಷ್ಟಕ್ಕ ಬರತೈತ್ರಿ?"

"ಎರಡೂ ಹತ್ತಕ್ಕ" ಎಂದೆ, ಯೋಚಿಸದೆ.

ಪಾಪ, ಎರಡಕ್ಕೇ ಅವರು ಅಂಗಡಿ ಮುಚ್ಚಿ ಬಂದು, ಕೊಡ ಸಾಲಾಗಿ ಇಟ್ಟುಕೊಂಡು ನಲ್ಲಿಯ ಮುಂದೆ ಕೂತರು. ನಾನು ಹೋಗಿ ತಪ್ಪೊಪ್ಪಿಕೊಂಡೆ: "ಸಾಬರ, ಅದು ನನ್ನ ಮಗಳ ಊರಿನ ನೀರ್ರಿ."