ಅವ್ವನ ಪಹರೆ

ನಮ್ಮ ಅಪ್ಪ ಮೂವತ್ತು ವರ್ಷ ಸೈನ್ಯದ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದವನು. ಬಂದೂಕಿನ ಕತೆ ಹೇಳುವ ಅಪ್ಪಂದಿರು ನನ್ನ ಗೆಳತಿಯರಿಗೆ ಇದ್ದರು. ನನಗಿದ್ದವನು ನೂರಾರು ಬೂಟುಗಳು ಒಟ್ಟಿಗೆ ನೆಲಕ್ಕೆ ಬೀಳುವಂತೆ ಮಾಡುತ್ತಿದ್ದವನು, ಮತ್ತು ಅದೇ ದೊಡ್ಡ ಕೆಲಸ ಎಂದು ನಂಬಿದ್ದವನು. ಅದೇ ಅಪ್ಪ ಈಗ ಕೋಥರೂಡದ ನಮ್ಮ ಫ್ಲ್ಯಾಟಿನಲ್ಲಿ ಬಚ್ಚಲುಮನೆಯ ಹೊಸ್ತಿಲಿಗೆ ಬಂದರೆ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾನೆ. ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಅನ್ನುತ್ತಾರೆ. ಅವ್ವ ‘ಆ ಥರಥರ’ ಅನ್ನುತ್ತಾಳೆ, ಮನೆಗೆ ಬಂದು ಠಿಕಾಣಿ ಹೂಡಿದ ಬೇಡದ ನೆಂಟನ ಬಗ್ಗೆ ಹೇಳಿದ ಹಾಗೆ.

ಅವ್ವನಿಗೆ ಅಪ್ಪನ ಬ್ಯಾಂಡಿನ ಮೇಲೆ ಹಳೆಯ ಸಿಟ್ಟೊಂದಿದೆ. ಪರೇಡಿನ ದಿನ ಮನೆಯವರಿಗೆಲ್ಲ ವೇದಿಕೆಯ ಪಕ್ಕದಲ್ಲಿ ಕುರ್ಚಿ ಹಾಕಿರುತ್ತಿದ್ದರು. ಅವ್ವ ನನಗೆ ಎರಡು ಜಡೆ ಹೆಣೆದು, ತಾನು ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂಡುತ್ತಿದ್ದಳು. ‘ದಹಿನೇ ದೇಖ್’, ಬಲಕ್ಕೆ ನೋಡು, ಎಂಬ ಕೂಗು ಬಿದ್ದೊಡನೆ ಸಿಪಾಯಿಗಳೆಲ್ಲ ನಮ್ಮ ಕಡೆ ಮುಖ ತಿರುಗಿಸುತ್ತಿದ್ದರು. ಎಲ್ಲರ ಗಂಡಂದಿರೂ ಎಲ್ಲರ ಹೆಂಡಂದಿರನ್ನೂ ನೋಡಿದಂತಾಗುತ್ತಿತ್ತು. ಬ್ಯಾಂಡಿನವರಿಗೆ ಮಾತ್ರ ಆ ಆಜ್ಞೆ ಅನ್ವಯಿಸುತ್ತಿರಲಿಲ್ಲ. ಅವರು ತಲೆ ತಿರುಗಿಸಬಾರದು, ಎದುರಿಗೇ ನೋಡುತ್ತ ಬಾರಿಸುತ್ತ ಹೋಗಬೇಕು. ಅಪ್ಪ ಹತ್ತು ಮಾರು ದೂರದಲ್ಲಿ ಹಾದುಹೋಗುತ್ತಿದ್ದ, ಅವ್ವನ ಹೊಸ ಸೀರೆಯ ಕಡೆ ಕಣ್ಣೂ ಹೊರಳಿಸದೆ.

“ಮೂವತ್ತ ವರ್ಷ ಬಿಸಿಲಾಗ ಕುಂತೆ. ಒಮ್ಮೆರೆ ಈ ಕಡೆ ನೋಡಿದ್ರ ನಿಮ್ಮ ಪಲ್ಟಣ ಮುಳುಗತಿತ್ತೇನ್ರಿ?” ಎಂದು ಆಕೆ ಈಗಲೂ ಕೇಳುತ್ತಾಳೆ.

“ಬ್ಯಾಂಡಿನವ್ರು ತಲಿ ತಿರಗಸೂದಿಲ್ಲ” ಎಂದು ಅಪ್ಪ ಈಗಲೂ ಅಷ್ಟೇ ಹೇಳುತ್ತಾನೆ.

ಇಷ್ಟೆಲ್ಲ ಅನ್ನುವ ಅವ್ವ ಐದು ವರ್ಷಗಳಿಂದ ಅಪ್ಪನನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ನಾನು ಅದೇ ಮನೆಯಲ್ಲಿದ್ದೇನೆ, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಮಧ್ಯಾಹ್ನಕ್ಕೆ ಮನೆಗೆ ಬಂದಿರುತ್ತೇನೆ. ಆದರೂ ಅಪ್ಪನ ಮಾತ್ರೆ ಡಬ್ಬಿ ಮುಟ್ಟಲು ನನಗೆ ಪರವಾನಗಿ ಇರಲಿಲ್ಲ. ಆ ನೀಲಿ ಡಬ್ಬಿಯನ್ನು ಆಕೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೊಂದೇ ಬಾಕಿ ಇತ್ತು.

ಕಳೆದ ವರ್ಷ ಆಕೆ ಬೆಳಗಿನ ಮಾತ್ರೆಯನ್ನೂ ಸಂಜೆಯ ಮಾತ್ರೆಯನ್ನೂ ಮೂಗಿನ ಹತ್ತಿರ ಹಿಡಿದು ನೋಡುವುದನ್ನು ಕಂಡೆ. ಅಕ್ಕಿಯಲ್ಲಿ ಹರಳು ಉಳಿಯತೊಡಗಿದ್ದವು. ಎಳೆದುಕೊಂಡೇ ಕಣ್ಣಿನ ಆಸ್ಪತ್ರೆಗೆ ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಪೂರಾ ಬಲಿತಿದೆ, ಇನ್ನು ತಡ ಮಾಡಿದರೆ ಕಷ್ಟ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಬೈದೇ ಹೇಳಿದರು. ಆಪರೇಷನ್ ಅರ್ಧ ದಿನದ ಕೆಲಸ. ಆಮೇಲೆ ಮಾತ್ರ ಬಗ್ಗಬಾರದು, ಭಾರ ಎತ್ತಬಾರದು. ಮನೆಯಲ್ಲಿದ್ದರೆ ಅವ್ವ ಬಗ್ಗದೆ ಇರುವವಳಲ್ಲ. ಅದಕ್ಕೇ ಹತ್ತು ದಿನ ತಳೇಗಾಂವದಲ್ಲಿರುವ ಚಿಗವ್ವನ, ಅಂದರೆ ಆಕೆಯ ತಂಗಿಯ ಮನೆಯಲ್ಲಿ ಇಡುವುದೆಂದು ನಾನೂ ಚಿಗವ್ವನೂ ಫೋನಿನಲ್ಲೇ ಠರಾಯಿಸಿದೆವು.

“ನಾ ಹೋಗೂದಿಲ್ಲ. ಇವರನ್ನ ಯಾರ್ ನೋಡ್ತಾರ?” ಎಂದಳು ಅವ್ವ.

“ನಾ ಏನ್ ಸತ್ತೇನೇನು?” ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

“ನಿನಗ ತಿಳಿಯೂದಿಲ್ಲ.”

ತಿಳಿಯುತ್ತದೆ ಎಂದು ತೋರಿಸಲು ಹೋಗಿ ನಾನೇ ಕೆಲಸ ಕೆಡಿಸಿದೆ. ಒಂದು ಸಂಜೆ ಅವ್ವ ಕೆಳಗೆ ತರಕಾರಿಗೆ ಹೋದಾಗ ಅಪ್ಪ ಬಚ್ಚಲಿಗೆ ಹೊರಟು ಹೊಸ್ತಿಲಲ್ಲಿ ನಿಂತ. ನಾನು ಕೈ ಹಿಡಿದು ‘ಒಂದು, ಎರಡು, ಮೂರು’ ಎಂದೆ. ಅಪ್ಪ ಕದಲಲಿಲ್ಲ. ಮತ್ತೆ ಎಣಿಸಿದೆ, ತುಸು ಜೋರಾಗಿ, ಆಮೇಲೆ ಎಳೆದೂ ಬಿಟ್ಟೆ. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಬೀಳುತ್ತಿದ್ದವನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದುಕೊಂಡೆ. ಅಷ್ಟರಲ್ಲಿ ಅವನ ಪೈಜಾಮ ಒದ್ದೆಯಾಗಿತ್ತು. ಅಪ್ಪ ಗೋಡೆ ನೋಡುತ್ತ ನಿಂತಿದ್ದ, ನಾನು ನೆಲ ನೋಡುತ್ತ ನಿಂತಿದ್ದೆ.

ಅವ್ವ ಬಂದಳು. ಚೀಲ ಕೆಳಗಿಟ್ಟು ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದಳು. ಟರ‍್ರ್ ಎಂದು, ಪರೇಡ್ ಹೊರಡುವ ಮೊದಲು ಡ್ರಮ್ಮಿನ ಮೇಲೆ ಬರುವಂಥ ಒಂದು ರೋಲ್, ಅದರ ಬೆನ್ನಿಗೆ ಇನ್ನೊಂದು. ಅಪ್ಪನ ಎಡಗಾಲು ತಾನಾಗಿಯೇ ಎದ್ದು ಹೊಸ್ತಿಲು ದಾಟಿತು.

ಅಪ್ಪನನ್ನು ತೊಳೆದು, ಬಟ್ಟೆ ಬದಲಿಸಿ ಕೂರಿಸಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಕೇಳಿದೆ, “ಇಷ್ಟ ದಿನ ಯಾಕ ಹೇಳ್ಲಿಲ್ಲ?”

“ನೀ ಯಾವಾಗ ಕೇಳಿದಿ?” ಎಂದಳು ಮೆಂತ್ಯ ಸೊಪ್ಪು ಬಿಡಿಸುತ್ತ. “ರೋಲ್ ಕೊಡಲಾರದ ಯಾವ ಬ್ಯಾಂಡೂ ಹೊಂಡೂದಿಲ್ಲ. ನೋಡಿದ್ಯಲ್ಲ, ನಾ ಅರ್ಧಾ ತಾಸ ಹೋದ್ರ ಹಿಂಗ. ಹತ್ತ ದಿನ ಹೆಂಗ ಹೋಗ್ಲಿ?”

ಆಪರೇಷನ್ ಮಾತು ಅಲ್ಲಿಗೆ ನಿಂತುಹೋಯಿತು. ಸೊಪ್ಪಿನ ನಡುವಿನ ಹುಲ್ಲಿನ ಕಡ್ಡಿಗಳನ್ನೂ ಆಕೆ ಸೊಪ್ಪೆಂದೇ ಬುಟ್ಟಿಗೆ ಹಾಕುತ್ತಿದ್ದಳು. ನಾನು ಹಿಂದಿನಿಂದ ಆರಿಸಿ ತೆಗೆದೆ. ಅಳು ಬಂದಿತ್ತು, ಅದು ಆಕೆಗೆ ಕಾಣಲಿಲ್ಲ.

ದಾರಿ ತೆಗೆದವನು ಅಪ್ಪ. ಎರಡು ದಿನ ಬಿಟ್ಟು, ಚಹಾ ಕುಡಿಯುವಾಗ, ಅವನು ನಮ್ಮ ಅಜ್ಜನ ಕತೆ ಎತ್ತಿದ. ಅಜ್ಜ ಒಂದು ಸಣ್ಣ ಸಂಸ್ಥಾನದ ಅರಮನೆಯ ಪಹರೆಯಲ್ಲಿ ಬಿಗಿಲು ಊದುತ್ತಿದ್ದವನು. ದಿನಾ ಮುಂಜಾನೆ ಅಲ್ಲಿ ಹೊಸ ಪಹರೆ ಬ್ಯಾಂಡಿನೊಂದಿಗೆ ಬಂದು ಹಳೆಯದರ ಎದುರು ನಿಲ್ಲುತ್ತಿತ್ತು. ಹಳಬರು ಹುಕುಮುಗಳನ್ನೆಲ್ಲ ಒಪ್ಪಿಸಿ, ಬಾಗಿಲ ಕೀಲಿ ಕೊಟ್ಟು, ವಾದ್ಯದ ಸಮೇತ ಮೆರೆದು ಹೋಗುತ್ತಿದ್ದರು. ಸಂಸ್ಥಾನ ವಿಲೀನವಾದ ಮರುದಿನ ಹೊಸ ಪಹರೆ ಬರಲೇ ಇಲ್ಲ. ಬದಲಿ ಬರದೆ ಜಾಗ ಬಿಡುವಂತಿಲ್ಲ. ಯಾರೋ ಗುಮಾಸ್ತ ಬಂದು ಮನೆಗೆ ಹೋಗಿ ಎಂದರೂ ಅಜ್ಜನ ಗುಂಪು ಕದಲಲಿಲ್ಲ. ಸಂಜೆ ಮುದುಕಿ ರಾಣಿಸಾಹೇಬರು ತಾವೇ ಹೊರಗೆ ಬಂದು ಕೈ ಚಾಚಿ ಕೀಲಿ ಇಸಿದುಕೊಂಡರಂತೆ. ಆಗ ಹೋದರಂತೆ.

ಈ ಕತೆ ನಾನು ನೂರು ಸಲ ಕೇಳಿದ್ದೆ. ಆದರೆ ಅಪ್ಪ ಈ ಸಲ ಅವ್ವನ ಕಡೆ ಬೆರಳು ಮಾಡಿ, “ಈಕೀನೂ ಹಂಗ ನಿಂತಾಳ. ಬದಲಿ ಬಂದಿಲ್ಲ ಇನ್ನಾ” ಎಂದ. ಆಮೇಲೆ ನನ್ನ ಕಡೆ ನೋಡಿ, “ಸುಮ್ನ ‘ನಾ ನೋಡ್ಕೋತೇನಿ’ ಅಂದ್ರ ಬದಲಿ ಆಗೂದಿಲ್ಲವಾ. ರೀತೀಲೆ ಆಗಬೇಕು” ಎಂದ.

ಅವ್ವ ಅದಕ್ಕೆ ಒಪ್ಪಿದಳು. ಹಾಗೆ ರೀತಿಯಿಂದಲೇ ಆಯಿತು. ಆಪರೇಷನ್ನಿನ ದಿನ ಮುಂಜಾನೆ ಅಪ್ಪ ಬಿಳಿ ಶರ್ಟು ಕೇಳಿ ಹಾಕಿಸಿಕೊಂಡ. ಕುರ್ಚಿಯ ಮೇಲೆ ನೆಟ್ಟಗೆ ಕೂತು ಅವಲಕ್ಕಿಯ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡ. ಕೈಯಲ್ಲಿ ಎರಡು ಚಮಚ. ನನ್ನನ್ನೂ ಅವ್ವನನ್ನೂ ಎದುರಾಬದುರಾ ನಿಲ್ಲಿಸಿದ. “ಹಳೇ ಪಹರಾ, ಹುಕುಂ ಒಪ್ಪಸು” ಎಂದ, ಅಷ್ಟು ದಿನ ಮನೆಯಲ್ಲಿ ಕೇಳದಿದ್ದ ಗಟ್ಟಿ ದನಿಯಲ್ಲಿ.

ಅವ್ವ ಮೊದಲು ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು. “ಎಂಟಕ್ಕ ಬಿಳೀದು, ಉಂಡ ಮ್ಯಾಲೆ ಹಳದೀದು. ನೀರು ಒಮ್ಮೆಲೆ ಕೊಡಬಾರದು. ಮಾತಾಡಿಸ್ಕೊಂತ ನಡಸಬಾರದು, ಕಾಲ ಮರೀತಾರ. ಹೊಸ್ತಲಕ ಎರಡ ರೋಲ್. ಅವಸರ ಮಾಡಬಾರದು.” ಕೊನೆಗೆ ನನ್ನ ಮುಖ ನೋಡಿ, “ಸಿಟ್ಟ ಮಾಡಬಾರದು” ಎಂದು ಸೇರಿಸಿ ನೀಲಿ ಡಬ್ಬಿಯನ್ನು ನನ್ನ ಕೈಗಿಟ್ಟಳು. ಬಿಡಲು ಒಂದು ಗಳಿಗೆ ಹೆಚ್ಚೇ ಹಿಡಿಯಿತು.

ಅಪ್ಪ ಚಮಚ ಎತ್ತಿದ. ನಡುಗುವ ಕೈಯಿಂದ ರೋಲ್ ಹೇಗೆ ಬಂದೀತು ಎಂದುಕೊಂಡಿದ್ದೆ. ಬಂತು, ಅಲ್ಲಲ್ಲಿ ಹರಿದದ್ದು, ಆದರೂ ರೋಲೇ. ಅವ್ವ ಎಡಗಾಲು ಮುಂದಿಟ್ಟು ಬಾಗಿಲ ತನಕ ನಡೆದಳು. ಅಲ್ಲಿ ತಿರುಗಿ ನೋಡಿದಳು. ಅಪ್ಪ ಎದುರಿನ ಗೋಡೆಯನ್ನೇ ನೋಡುತ್ತ ಬಾರಿಸುತ್ತಿದ್ದ.

“ಇವತ್ತೂ ನೋಡಂಗಿಲ್ಲ ನೋಡವಾ ಈ ಮನಶ್ಯಾ” ಎನ್ನುತ್ತ ಆಕೆ ಕರೆದೊಯ್ಯಲು ಬಂದಿದ್ದ ಚಿಗವ್ವನ ಜೊತೆ ಲಿಫ್ಟ್ ಇಳಿದುಹೋದಳು.

ಆ ಹತ್ತು ದಿನ ನಾನು ರಜೆ ಹಾಕಿದ್ದೆ. ಮೊದಲ ದಿನ ನನ್ನ ರೋಲ್ ಕೇಳಿ ಅಪ್ಪ, “ಇದೇನ್ ಬಾಗಿಲಾ ಬಡೀತಿಯೋ, ಡ್ರಮ್ಮೋ?” ಎಂದ. ಮೂರನೆಯ ದಿನಕ್ಕೆ ಪಾಸಾದೆ. ಎರಡು ಸಲ ಸಿಟ್ಟು ಬಂತು, ಬಾಲ್ಕನಿಗೆ ಹೋಗಿ ನುಂಗಿಕೊಂಡು ಬಂದೆ. ಆಮೇಲೆ ನನ್ನ ರೋಲಿಗೂ ಅಪ್ಪ ಚಂದ ನಡೆದ. ಅಪ್ಪನ ಗಡ್ಡ ಬೋಳಿಸಿಕೊಡುತ್ತ, ಈ ಮುಖವನ್ನು ನಾನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲವಲ್ಲ ಎನಿಸಿತು.

ಹನ್ನೊಂದನೆಯ ದಿನ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಚಪ್ಪಲಿ ಬಿಟ್ಟವಳೇ ಕೈ ಚಾಚಿದಳು. “ಕೊಡು ಡಬ್ಬಿ.”

“ರೀತೀಲೆ ಆಗಬೇಕು” ಎಂದೆ ನಾನು. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ನಾನು ಎದುರು ನಿಂತು ಹುಕುಮು ಒಪ್ಪಿಸಿದೆ. ಬಿಳಿಯದು, ಹಳದಿಯದು, ನೀರು, ರೋಲ್. ಅವ್ವ ತಲೆಯಾಡಿಸುತ್ತ ಎಲ್ಲ ಸರಿ ಇದೆಯೆಂದು ತೂಗಿ ನೋಡುತ್ತಿದ್ದಳು.

“ಇನ್ನೊಂದ ಅದ, ಹೊಸಾದು” ಎಂದೆ. “ಸಂಜಿ ನಾಲ್ಕಕ್ಕ ಬಾಲ್ಕನ್ಯಾಗ ಕೂಡಸಬೇಕು. ಕುರ್ಚಿ ಬಲಕ್ಕ ತಿರಗಸಿ, ಸೊಸೈಟಿ ಗೇಟ್ ಕಾಣೂಹಂಗ. ಹತ್ತೂ ದಿನ ಅಲ್ಲೇ ನೋಡ್ಕೊಂತ ಕುಂತಾರ. ಯಾವ ರಿಕ್ಷಾ ನಿಂತ್ರೂ, ಬಂದ್ಲೇನು ಅಂತ ಕೇಳ್ಯಾರ.”

ಅವ್ವ ಚಾಚಿದ ಕೈ ಹಾಗೆಯೇ ಇತ್ತು. “ಖರೇ ಏನ್ರಿ?” ಎಂದಳು.

ಅಪ್ಪ ಗೋಡೆ ನೋಡುತ್ತಿದ್ದ. “ಬ್ಯಾಂಡಿನವ್ರು ತಲಿ ತಿರಗಸೂದಿಲ್ಲ” ಎಂದ.

ಅವ್ವ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನನ್ನ ಕಡೆಗೇ ಒತ್ತಿದಳು. “ನಿನ್ನ ಕಡೇನ ಇರ್ಲಿ. ಇನ್ನೊಂದ ಕಣ್ಣ ಬಾಕಿ ಅದ” ಎಂದಳು. ಆಮೇಲೆ ಕನ್ನಡಕ ತೆಗೆದು, ಅಪ್ಪನ ಎದುರಿಗೆ, ಅವನ ಮುಖಕ್ಕೂ ಗೋಡೆಗೂ ನಡುವೆ ಹೋಗಿ ನಿಂತಳು. ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು.

“ನನಗ ಈಗ ಸ್ವಚ್ಛ ಕಾಣಸ್ತದ್ರಿ” ಎಂದಳು.