ಹತ್ತು ನಿಮಿಷ ಮುಂದಿರುವ ಮನೆ

ನನ್ನ ಮೊಮ್ಮಗಳು ಮನೆ ಬಿಡುವ ಮೊದಲೇ ಸ್ಕೂಲು ಮುಟ್ಟುತ್ತಾಳೆ. ನಗಬೇಡಿ. ಅವಳ ಕ್ಲಾಸಿನವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

ಸಹನಾಗೆ ಎಂಟು ವರ್ಷ. ಸ್ಕೂಲಿನಲ್ಲಿ ಈಗ ಗಡಿಯಾರ ನೋಡುವುದನ್ನು ಕಲಿಸುತ್ತಿದ್ದಾರೆ. ಹೊಸದಾಗಿ ಕಲಿತವರ ಹುಚ್ಚು ನಿಮಗೆ ಗೊತ್ತಲ್ಲ? ಹಾಲು ಉಕ್ಕಿದರೂ ಟೈಮ್ ಹೇಳುವಳು, ನಾನು ಆಕಳಿಸಿದರೂ ಟೈಮ್ ಹೇಳುವಳು. ಪಕ್ಕದ ಮನೆಯ ಮಗ್ಗ ನಿಂತರೆ ಕರೆಂಟ್ ಎಷ್ಟಕ್ಕೆ ಹೋಯಿತೆಂದು ಓಣಿಗೆಲ್ಲ ಕೇಳುವಂತೆ ಕೂಗುವಳು.

ಹೋದ ವಾರ ಅದೆಲ್ಲ ಒಮ್ಮೆಲೇ ನಿಂತುಹೋಯಿತು. ಸಂಜೆ ದೀಪ ಹಚ್ಚುತ್ತಾ ಎಷ್ಟಾಯಿತೆಂದು ಕೇಳಿದೆ. ತಲೆ ಎತ್ತದೇ ಹೇಳಿದಳು, "ನನಗ ಟೈಮ್ ನೋಡಾಕ ಬರೂದಿಲ್ಲ ಆಯಿ."

ನಿನ್ನೆ ಬರುತ್ತಿದ್ದದ್ದು ಇವತ್ತು ಹೇಗೆ ಬರುವುದಿಲ್ಲ?

ಬಿಡಿಸಿ ಕೇಳಿದೆ. ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ, ಮನೆ ಎಷ್ಟಕ್ಕೆ ಬಿಟ್ಟೆ, ಇಲ್ಲಿಗೆ ಎಷ್ಟಕ್ಕೆ ಬಂದೆ ಎಂದು ಕೇಳಿದ್ದರಂತೆ. ಇವಳು ಎರಡೂ ಕಡೆ ಗಡಿಯಾರ ನೋಡಿಕೊಂಡೇ ಹೋಗಿದ್ದವಳು. ಬಿಟ್ಟದ್ದು ಒಂಬತ್ತು ಇಪ್ಪತ್ತೈದಕ್ಕೆ, ಮುಟ್ಟಿದ್ದು ಒಂಬತ್ತು ಇಪ್ಪತ್ತಕ್ಕೆ ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಟೀಚರೂ ನಕ್ಕು, ಮತ್ತೊಮ್ಮೆ ಕಲಿತುಕೊಂಡು ಬಾ ಎಂದರಂತೆ.

ನನಗೆ ತಿಳಿದುಹೋಯಿತು. ನಮ್ಮ ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಿದೆ.

ನಿಮ್ಮ ಮನೆಯದು? ಖರೆ ಹೇಳಿ. ನಮ್ಮ ಓಣಿಯಲ್ಲಂತೂ ಸರಿಯಾದ ಟೈಮ್ ತೋರಿಸುವ ಗೋಡೆ ಹುಡುಕಿದರೂ ಸಿಗಲಿಕ್ಕಿಲ್ಲ. ಡಬ್ಬಿ ಕಟ್ಟುವುದು ತಡವಾಗಬಾರದೆಂದು ಸೊಸೆ ರೇಖಾ ಐದು ನಿಮಿಷ ಮುಂದೆ ತಳ್ಳಿದಳು. ಜಮಖಂಡಿ ಬಸ್ಸು ತಪ್ಪಬಾರದೆಂದು ಮಗ ಮಹಾಂತೇಶ ಇನ್ನೈದು ತಳ್ಳಿದ. (ಇವನ ನೌಕರಿ ಅಲ್ಲಿಯ ಆಫೀಸಿನಲ್ಲಿ.) ಇಬ್ಬರೂ ಗೋಡೆ ನೋಡಿ ಗಾಬರಿಯಾಗುತ್ತಾರೆ, ಆಮೇಲೆ ಮೊಬೈಲ್ ನೋಡಿ ಸಮಾಧಾನವಾಗುತ್ತಾರೆ. ನಾನು ಮನಸ್ಸಿನಲ್ಲೇ ಹತ್ತು ಕಳೆದುಕೊಳ್ಳುತ್ತೇನೆ. ಕೂಸಿಗೆ ಮೊಬೈಲೂ ಇಲ್ಲ, ಕಳೆಯಬೇಕೆಂದು ಹೇಳಿದವರೂ ಇಲ್ಲ.

"ನೀ ಸರಿಯಾಗೇ ನೋಡೀದಿ. ಗಡಿಯಾರನ ಸುಳ್ಳು ಹೇಳೇತಿ," ಎಂದೆ.

"ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ಯಾಕ ಹಂಗ ಇಟ್ಟೀರಿ?"

ಏನು ಹೇಳಲಿ? ನಮಗೆ ನಾವೇ ಸುಳ್ಳು ಹೇಳಿಕೊಂಡು, ಅದನ್ನು ನಂಬದೆಯೂ ಇರುವುದಕ್ಕೆ ಎಂದೇ? ಒಲೆಯ ಮೇಲೆ ಚಹಾ ಇದೆ ಎಂದು ಒಳಗೆ ಹೋದೆ.

ಆದಿತ್ಯವಾರ ಅವಳಿಗೆ ವಾಚ್ ಕೊಡಿಸಲು ಬಜಾರಕ್ಕೆ ಹೋದೆವು. ಮಹಾಂತೇಶನ ಕಣ್ಣು ಅಂಕಿ ತಾನೇ ಮೂಡುವ ಡಿಜಿಟಲ್ ವಾಚಿನ ಮೇಲೆ.

"ಇದಾದ್ರ ಛಲೋ ಬೇ. ಮುಳ್ಳು ನೋಡೂ ತ್ರಾಸಿಲ್ಲ. ಅಕಿಗೆ ಹೆಂಗಿದ್ರೂ ಬರವಲ್ದು."

"ಬರವಲ್ದು ಅಂತ ಅಕಿ ಅಂದ್ರ ನೀನೂ ಹೌದಂತೀಯೇನಲೇ? ಅದನ್ನ ಕಟ್ಟಿದ್ರ ಅಕಿಗೆ ಬರೂದಿಲ್ಲಂತ ನಾವ ಬರದು ಕೊಟ್ಟಂಗ."

ಸೊಸೆಗೆ ಹಿಡಿಸಿದ್ದು ಬಂಗಾರದ ಬಣ್ಣದ್ದು. ಒಳಗೆ ಅಂಕಿಗಳೇ ಇಲ್ಲ, ನಾಲ್ಕು ಹರಳು.

"ಇದು ಬಳಿ ಆತಲ್ಲ ರೇಖಾ. ಬಳಿ ಅಂಗಡಿ ಅಲ್ಲೈತಿ."

"ನಿಮಗ ಯಾವುದೂ ಪಸಂದ ಬರೂದಿಲ್ಲ ಬಿಡ್ರಿ ಅತ್ತಿ."

ಅಂಗಡಿಯವನು ಮುಚ್ಚಳದಲ್ಲಿ ಲೈಟ್ ಹತ್ತುವುದೊಂದನ್ನು ತೆಗೆದ. ಮುಚ್ಚಳ ಎತ್ತಿ ಟೈಮ್ ನೋಡಬೇಕಂತೆ! ಬೇಡವೆಂದೆ. ಕೊನೆಗೆ ಮೂಲೆಯಿಂದ ನನಗೆ ಬೇಕಾದದ್ದು ಬಂತು. ಹನ್ನೆರಡೂ ಅಂಕಿ ದಪ್ಪಗೆ, ನಿಮಿಷದ ಗೆರೆಗಳು ಬೇರೆ ಬೇರೆಯಾಗಿ, ಒಂದು ಮುಳ್ಳು ಗಿಡ್ಡ, ಒಂದು ಉದ್ದ. ನೋಡಲು ಏನೂ ಚಂದವಿಲ್ಲ. ಸಹನಾ ಅದನ್ನು ಕಿವಿಗೆ ಹಿಡಿದಳು.

ಅಂಗಡಿಯವನು ಅದನ್ನು ಇಸಕೊಂಡು ಮುಳ್ಳು ತಿರುಗಿಸುವ ಕೀಲಿ ಎಳೆದ. "ಎಷ್ಟು ನಿಮಿಷ ಮುಂದ ಇಡ್ಲಿರಿ?"

ಕೇಳಿದಿರಾ? ಮುಂದೆ ಇಡಲೇ ಬೇಡವೇ ಎಂಬ ಪ್ರಶ್ನೆ ಇಲ್ಲ. ಎಷ್ಟು, ಅಷ್ಟೇ.

"ಹತ್ತಿಡ್ರಿ," ಎಂದ ಮಹಾಂತೇಶ, ಮೊಬೈಲಿನಿಂದ ಕಣ್ಣೆತ್ತದೇ.

ಕೌಂಟರಿನ ಮೇಲೆ ಚಾಚಿದ್ದ ಕೈಯನ್ನು ಸಹನಾ ಹಿಂದಕ್ಕೆ ಎಳೆದುಕೊಂಡಳು. "ಹಂಗಾದ್ರ ನನಗ ಬ್ಯಾಡ."

ಅಂಗಡಿಯವನು ಮಗನ ಮುಖ ನೋಡಿದ. ನಾನೇ ಹೇಳಿದೆ, "ಇದ್ದಷ್ಟ ಇಡಪಾ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ."

ಮನೆಗೆ ಬಂದವಳೇ ಗೋಡೆಯ ಗಡಿಯಾರ ಇಳಿಸಿ ಕೊಡಲು ಮಗನಿಗೆ ಹೇಳಿದೆ. ಮೊಮ್ಮಗಳೇ ವಾಚ್ ನೋಡಿಕೊಂಡು ಅದರ ಮುಳ್ಳು ಹಿಂದಕ್ಕೆ ತಿರುಗಿಸಿದಳು. "ನಾಳಿ ನನ್ನ ಡಬ್ಬಿ ಕೆಲಸ ಹಾಳಾತು," ಎಂದಳು ರೇಖಾ.

ಹಾಳಾದದ್ದು ಡಬ್ಬಿಯಲ್ಲ. ಸೋಮವಾರ ಮುಂಜಾನೆ ಮೊಬೈಲ್ ಚಾರ್ಜಿಗೆ ಹಾಕಿದ್ದ ಮಹಾಂತೇಶ ಗೋಡೆ ನೋಡಿದ, ಅದು ಮುಂದಿದೆ ಎಂಬ ರೂಢಿಯಲ್ಲೇ ಇನ್ನೂ ಟೈಮ್ ಇದೆ ಎಂದುಕೊಂಡ, ಆರಾಮಾಗಿ ಕುಳಿತು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

"ಅಪ್ಪಾ, ನಿನ್ನ ಬಸ್ಸಿನ ಟೈಮ್ ಆತು," ಎಂದಳು ಸಹನಾ, ಮಣಿಕಟ್ಟು ತೋರಿಸಿ.

"ಸುಮ್ನ ಉಣ್ಣ. ನಿನಗೇನ ತಿಳೀತೈತಿ ಟೈಮು?"

ಬಸ್ಸು ಹೋಯಿತು. ಗಡಿಯಾರ ಸರಿಯಾಗಿತ್ತು, ಇವನ ತಲೆ ಇನ್ನೂ ಹತ್ತು ಕಳೆಯುತ್ತಲೇ ಇತ್ತು. ಸಿಟ್ಟಿನಿಂದ ತಿರುಗಿ ಬಂದವನು ಅವಳ ಮೇಲೆಯೇ ಹರಿಹಾಯ್ದ. "ಎಲ್ಲಾ ನಿನ್ನ ವಾಚಿನ ದೆಸೆಯಿಂದ!"

ಅವಳ ಮುಖ ಮತ್ತೆ ಹೋದ ವಾರದ ಹಾಗೆ ಆಗುವುದನ್ನು ಕಂಡೆ. ಈ ಸಲ ನಾನು ಚಹಾಕ್ಕೆ ಎದ್ದು ಹೋಗಲಿಲ್ಲ.

"ಟೈಮ್ ನೋಡಾಕ ಬರಲಾರದ್ದು ನಿನಗ. ಅಕಿಗೆ ಬರ್ತೈತಿ. ಹೇಳಿದ್ಲು, ನೀ ಕೇಳಲಿಲ್ಲ," ಎಂದೆ ಮಗನಿಗೆ. ಅವನು ಮುಂದಿನ ಬಸ್ಸಿಗೆ ಹೊರಟ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಗ್ಗ ನಿಂತಿತು. ಸಹನಾ ಬಾಗಿಲಿಗೆ ಓಡಿ ಟೈಮ್ ಕೂಗಿದಳು, ಓಣಿಗೆಲ್ಲ ಕೇಳುವಂತೆ.

ಮಕ್ಕಳಿಗೆ ವಾಚ್ ಕೊಡಿಸುವವರು ಅದರ ಬಣ್ಣ ನೋಡುತ್ತೀರಿ, ಬೆಲ್ಟ್ ನೋಡುತ್ತೀರಿ. ಅದನ್ನು ಕಟ್ಟಿಕೊಂಡ ಮೇಲೆ ಅವರು ನಿಮ್ಮನ್ನೇ ತಾಳೆ ನೋಡತೊಡಗಿದರೆ, ತಡೆದುಕೊಳ್ಳುತ್ತೀರಾ?